ಪ್ಯಾಪಿ ವ್ಯಾನ್ ವಿಂಕಲ್‌ಗೆ ಅಷ್ಟು ದುಡ್ಡು ಬಾಳುತ್ತದೆಯೇ?

ಬರ್ಬನ್ ವಿಸ್ಕಿಯ ತವರಾದ ಕೆಂಟಕಿಯ ಗಡಿಗೆ ಹತ್ತಿರವಾಗಿ ಒಹಾಯೊದಲ್ಲಿ ವಾಸವಾಗಿರುವುದರಿಂದಲೋ, ವಿಸ್ಕಿಯ ಬಗ್ಗೆ ಒಂದಿಷ್ಟು ಓದಿಕೊಂಡಿದ್ದೇನೆಂಬ ಸುದ್ದಿ ಹಬ್ಬಿರುವುದರಿಂದಲೋ, ಕನ್ನಡ ಕೂಟದ ಊಟದ ಸಾಲಿನಲ್ಲಾಗಲಿ ಬೆಂಗಳೂರಿನಿಂದ ಬರುವ ಕರೆಗಳಲ್ಲಾಗಲಿ ಒಂದು ಪ್ರಶ್ನೆ ನನಗೆ ತಪ್ಪದೆ ಎದುರಾಗುತ್ತದೆ: "ಪ್ಯಾಪಿ ವ್ಯಾನ್ ವಿಂಕಲ್ ಅಂತ ಒಂದು ಬರ್ಬನ್ ಇದೆಯಂತಲ್ಲ ಸರ್, ಅದಕ್ಕೆ ಸಾವಿರಾರು ಡಾಲರ್ ಕೊಡ್ತಾರಂತೆ. ನಿಜಕ್ಕೂ ಅಷ್ಟು ಬಾಳುತ್ತದಾ?" ನನ್ನ ಉತ್ತರ ಚಿಕ್ಕದು. ತಯಾರಕರು ಸೂಚಿಸುವ ಬೆಲೆಗೆ ಖಂಡಿತ ಬಾಳುತ್ತದೆ. ಮಾರುಕಟ್ಟೆಯಲ್ಲಿ ಕೇಳುವ ಬೆಲೆಗೆ ಬಾಳುವುದಿಲ್ಲ. ಕೇಳಿದವರು ಸಾಮಾನ್ಯವಾಗಿ ಇಷ್ಟಕ್ಕೆ ಸುಮ್ಮನಾಗುವುದಿಲ್ಲವಾದ್ದರಿಂದ ಕಾರಣಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ವಸ್ತುವಿನ ಪರಿಚಯ. ಕನಿಷ್ಠ ಶೇ. 51ರಷ್ಟು ಮುಸುಕಿನ ಜೋಳವಿರುವ ಧಾನ್ಯಮಿಶ್ರಣದಿಂದ ಬಟ್ಟಿ ಇಳಿಸಿ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗಳಲ್ಲಿ ಮಾಗಿಸಿದ ಅಮೆರಿಕದ ವಿಸ್ಕಿಯೇ ಬರ್ಬನ್. ಬಹುತೇಕ ಬರ್ಬನ್‌ಗಳಲ್ಲಿ ಜೋಳದ ಜೊತೆ ರೈ ಎಂಬ ಖಾರದ ಗುಣದ ಧಾನ್ಯವಿದ್ದರೆ, ವ್ಯಾನ್ ವಿಂಕಲ್ ಬರ್ಬನ್‌ಗಳಲ್ಲಿ ಅದರ ಜಾಗದಲ್ಲಿ ಗೋಧಿ ಇರುತ್ತದೆ. ಅವುಗಳ ಮೆದು ಸ್ವಭಾವಕ್ಕೆ ಅದೇ ಕಾರಣ. ಬಾಟಲಿಯ ಮೇಲಿನ ಚಿತ್ರದಲ್ಲಿ ಸಿಗಾರ್ ಹಚ್ಚುತ್ತಿರುವ ಮುದುಕರೇ 'ಪ್ಯಾಪಿ' ಎಂದು ಕರೆಸಿಕೊಂಡ ಜೂಲಿಯನ್ ವ್ಯಾನ್ ವಿಂಕಲ್. 1935ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಆರಂಭವಾದ ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿಯನ್ನು ನಡೆಸಿದ ಅವರು 1965ರಲ್ಲಿ ತೀರಿಕೊಂಡರು, ಕುಟುಂಬ 1972ರಲ್ಲಿ ಡಿಸ್ಟಿಲರಿಯನ್ನು ಮಾರಿತು. ಆ ಹೊತ್ತಿಗೆ ಅಮೆರಿಕದ ಯುವಜನ ವೋಡ್ಕಾದ ಕಡೆ ತಿರುಗಿದ್ದರು, ಬರ್ಬನ್ ಅಜ್ಜಂದಿರ ಪಾನೀಯವೆನಿಸಿಕೊಂಡಿತ್ತು. ಹೀಗೆ ಕೊಳ್ಳುವವರಿಲ್ಲದೆ ಉಗ್ರಾಣಗಳಲ್ಲಿ ಉಳಿದುಹೋದ ಪೀಪಾಯಿಗಳೇ ಮುಂದೆ 20 ವರ್ಷ, 23 ವರ್ಷ ಎಂಬ ಹಣೆಪಟ್ಟಿ ಹೊತ್ತು ಬಂದವು. ಇಂದು ಜನ ಮುಗಿಬೀಳುವ ಆ 'ವಯಸ್ಸು' ಹುಟ್ಟಿದ್ದು ಯಾರೋ ದೂರದೃಷ್ಟಿಯಿಂದ ಹಾಕಿದ ಯೋಜನೆಯಿಂದಲ್ಲ, ಮಾರಾಟ ಬಿದ್ದುಹೋದದ್ದರಿಂದ. ಸ್ಟಿಟ್ಜೆಲ್-ವೆಲ್ಲರ್ 1992ರಲ್ಲಿ ಬಟ್ಟಿ ಇಳಿಸುವುದನ್ನೇ ನಿಲ್ಲಿಸಿತು. ಕೆಂಟಕಿಯದೇ ಫ್ರಾಂಕ್‌ಫರ್ಟ್‌ನ ಬಫಲೋ ಟ್ರೇಸ್ ಡಿಸ್ಟಿಲರಿಯೊಡನೆ 2002ರಲ್ಲಿ ಆದ ಒಪ್ಪಂದದ ಬಳಿಕ ವ್ಯಾನ್ ವಿಂಕಲ್ ವಿಸ್ಕಿ ತಯಾರಾಗುವುದು ಅಲ್ಲಿ. ಆದ್ದರಿಂದ ಹಳಬರು ಕಣ್ಣುಮುಚ್ಚಿ ಹೊಗಳುವ ಆ ಕಾಲದ ಪ್ಯಾಪಿ ಬೇರೆ, ಈಗ ಬಾಟಲಿಯಲ್ಲಿ ಬರುವುದು ಬೇರೆ. ಈಗಿನದು ಕಳಪೆ ಎಂದು ನಾನು ಹೇಳುತ್ತಿಲ್ಲ; ಆದರೆ ಸಾವಿರಾರು ಡಾಲರ್ ಎಣಿಸಿ ಕೊಡುವವರಲ್ಲಿ ಎಷ್ಟೋ ಮಂದಿ ಹಳೆಯ ಖ್ಯಾತಿಗೆ ದುಡ್ಡು ಕೊಡುತ್ತಿದ್ದಾರೆ.

ಇನ್ನು ಬೆಲೆಯ ವಿಚಾರ. ಇದನ್ನು ನೋಡಲು ನನ್ನ ಊರಿನ ಸುತ್ತಮುತ್ತಲಿಗಿಂತ ಒಳ್ಳೆಯ ಜಾಗವಿಲ್ಲ. ಒಹಾಯೊದಲ್ಲಿ ಮದ್ಯದ ಬೆಲೆಯನ್ನು ಸರ್ಕಾರವೇ ನಿಗದಿಪಡಿಸುತ್ತದೆ, ರಾಜ್ಯದ ಯಾವ ಅಂಗಡಿಗೆ ಹೋದರೂ ಒಂದೇ ಬೆಲೆ. ಪ್ಯಾಪಿಯಂತಹ ಬಾಟಲಿಗಳನ್ನು ಕೊಳ್ಳುವ ಅವಕಾಶಕ್ಕೆ ಸರ್ಕಾರ ಲಾಟರಿ ಎತ್ತುತ್ತದೆ. ಹೆಸರು ಬಂದವರಿಗೆ ಅದು ಕೆಲವು ನೂರು ಡಾಲರ್‌ಗೆ ಸಿಗುತ್ತದೆ. ಸಿನ್ಸಿನಾಟಿಯಲ್ಲಿ ಸೇತುವೆ ದಾಟಿ ಒಹಾಯೊ ನದಿಯ ಆಚೆ ದಡಕ್ಕೆ ಕಾಲಿಟ್ಟರೆ ಕೆಂಟಕಿ. ಅಲ್ಲಿ ಅಂಗಡಿಯವರು ತಮಗೆ ತೋಚಿದ ಬೆಲೆ ಹಾಕಬಹುದು; ಅಲ್ಲದೆ 2018ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಪರವಾನಗಿಯುಳ್ಳ ವ್ಯಾಪಾರಿಗಳು ಹಳೆಯ, ಅಪರೂಪದ ಬಾಟಲಿಗಳನ್ನು ಖಾಸಗಿಯವರಿಂದ ಕೊಂಡು ಮರುಮಾರಾಟ ಮಾಡಬಹುದು. ಗಲ್ಲಾದ ಹಿಂದೆ ಬೀಗ ಹಾಕಿದ ಗಾಜಿನ ಕಪಾಟು, ಅದರೊಳಗೆ ಪ್ರತ್ಯೇಕ ದೀಪದ ಕೆಳಗೆ ಅದೇ ಬಾಟಲಿ, ಕುತ್ತಿಗೆಗೆ ನೇತುಹಾಕಿದ ಚೀಟಿಯಲ್ಲಿ ನಾಲ್ಕಂಕಿಯ ಬೆಲೆ. ಅದೇ ಪೀಪಾಯಿಯಿಂದ ಬಂದಿರಬಹುದಾದ ವಿಸ್ಕಿ, ನಡುವೆ ಒಂದು ಸೇತುವೆ ಅಷ್ಟೇ.

ಈ ಹೆಚ್ಚುವರಿ ಹಣದಲ್ಲಿ ವಿಸ್ಕಿ ತಯಾರಿಸಿದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಮದ್ಯನಿಷೇಧ 1933ರಲ್ಲಿ ಕೊನೆಗೊಂಡ ಮೇಲೆ ರೂಪುಗೊಂಡ ವ್ಯವಸ್ಥೆಯಲ್ಲಿ ತಯಾರಕ, ಸಗಟು ವಿತರಕ, ಚಿಲ್ಲರೆ ವ್ಯಾಪಾರಿ ಮೂವರೂ ಬೇರೆ ಬೇರೆ. ತಯಾರಕರು ಬೆಲೆಯನ್ನು ಸೂಚಿಸಬಹುದೇ ಹೊರತು ಅಂಗಡಿಯವರ ಮೇಲೆ ಹೇರುವಂತಿಲ್ಲ. ಹಿಂದೆ ನಮ್ಮ ಚಿತ್ರಮಂದಿರಗಳ ಮುಂದೆ 'ಹೌಸ್‌ಫುಲ್' ಹಲಗೆ ತೂಗಿದೊಡನೆ ಬ್ಲಾಕ್ ಟಿಕೆಟ್ ಮಾರುತ್ತಿದ್ದವನಿಗೆ ಕೊಟ್ಟ ಹಣ ನಿರ್ಮಾಪಕನಿಗಾಗಲಿ ನಟನಿಗಾಗಲಿ ತಲುಪುತ್ತಿರಲಿಲ್ಲವಷ್ಟೆ. ಇಲ್ಲಿ ನಡೆಯುವುದೂ ಅದೇ. ನಡುವೆ ಇಷ್ಟು ಲಾಭವಿದ್ದ ಮೇಲೆ ಕೈಗಳು ಸುಮ್ಮನಿರುವುದಿಲ್ಲ. 2013ರಲ್ಲಿ ಬಫಲೋ ಟ್ರೇಸ್‌ನಿಂದ 200ಕ್ಕೂ ಹೆಚ್ಚು ಬಾಟಲಿ ವ್ಯಾನ್ ವಿಂಕಲ್ ಕಾಣೆಯಾದ ಪ್ರಕರಣದಲ್ಲಿ, 2015ರಲ್ಲಿ ಆರೋಪಿಗಳಾದವರಲ್ಲಿ ಡಿಸ್ಟಿಲರಿಯ ನೌಕರನೂ ಇದ್ದ. ಒರೆಗಾನ್ ರಾಜ್ಯದಲ್ಲಂತೂ ಮದ್ಯ ನಿಯಂತ್ರಣ ಆಯೋಗದ ಹಿರಿಯ ಅಧಿಕಾರಿಗಳೇ ಇಂತಹ ಬಾಟಲಿಗಳನ್ನು ತಮಗಾಗಿ ಎತ್ತಿಡಿಸಿಕೊಂಡದ್ದು ಬಯಲಾಗಿ, 2023ರಲ್ಲಿ ಅದರ ನಿರ್ದೇಶಕರು ರಾಜೀನಾಮೆ ಕೊಡಬೇಕಾಯಿತು. ಅವರು ಪುಕ್ಕಟೆ ಪಡೆದಿರಲಿಲ್ಲ, ಹಣ ಕೊಟ್ಟೇ ಕೊಂಡಿದ್ದರು. ಸರಿಯಾದ ಬೆಲೆಗೆ ಸಿಗುವುದೇ ಒಂದು ಲಂಚದಷ್ಟು ದೊಡ್ಡ ಸವಲತ್ತಾಗಿತ್ತು.

ಹಾಗಾದರೆ ರುಚಿ? ಇಲ್ಲಿ ನನ್ನ ಅಭಿಪ್ರಾಯ ಅನೇಕರಿಗೆ ಹಿಡಿಸುವುದಿಲ್ಲ. ವಯಸ್ಸು ಹೆಚ್ಚಿದಷ್ಟೂ ಒಳ್ಳೆಯದೆಂಬ ಲೆಕ್ಕ ನಮಗೆ ಬಂದಿರುವುದು ಸ್ಕಾಚ್‌ನಿಂದ. ಸ್ಕಾಟ್ಲೆಂಡಿನ ತಂಪು ಹವೆಯಲ್ಲಿ, ಬಹುಪಾಲು ಈಗಾಗಲೇ ಒಮ್ಮೆ ಬಳಸಿದ ಪೀಪಾಯಿಗಳಲ್ಲಿ, ಮರದ ಸತ್ವ ನಿಧಾನವಾಗಿ ಇಳಿಯುತ್ತದೆ. ಕೆಂಟಕಿಯ ಬೇಸಿಗೆ ಬಿರುಸು, ಪೀಪಾಯಿ ಹೊಸದು, ಒಳಮೈ ಇದ್ದಿಲು. ಹತ್ತು ಹನ್ನೆರಡು ವರ್ಷಕ್ಕೆ ಬೆಲ್ಲದ ಪಾಕ, ವೆನಿಲ್ಲಾ, ಒಣದ್ರಾಕ್ಷಿಗಳ ಹದಕ್ಕೆ ಬಂದ ಬರ್ಬನ್, ಇಪ್ಪತ್ತು ದಾಟಿದ ಮೇಲೆ ಮರದ ಕಡೆ ವಾಲುವುದೇ ಹೆಚ್ಚು. ಲೂಯಿವಿಲ್‌ನ ಬಾರೊಂದರಲ್ಲಿ 23 ವರ್ಷದ್ದನ್ನು ಲೋಟಕ್ಕೆ ಹಾಕಿಸಿಕೊಂಡು ಮೂಸಿದಾಗ ಹಳೆಯ ಪುಸ್ತಕದ ಕಪಾಟು, ತೊಗಲು, ಕಪ್ಪು ಚೆರಿ ಎಲ್ಲವೂ ಒಟ್ಟಿಗೆ ಬಂದವು, ಅದು ನಿಜಕ್ಕೂ ಸೊಗಸು. ಬಾಯಿಗಿಟ್ಟ ಮೇಲೆ ಮಾತ್ರ ಕೊನೆಯಲ್ಲಿ ಎಳೆಯ ಅಡಿಕೆ ಜಗಿದಂತಹ ಒಗರು ನಾಲಿಗೆಯ ಎರಡೂ ಅಂಚಿನಲ್ಲಿ ಬಹಳ ಹೊತ್ತು ಕೂತಿತ್ತು. ಅದೇ ಮನೆತನದ 15 ವರ್ಷದ್ದು ನನಗೆ ಅದಕ್ಕಿಂತ ಮೇಲೆನಿಸಿತು, ಮತ್ತು ಅದಕ್ಕೆ ಬೆಲೆ ಕಡಿಮೆ. ಬೆಲೆ ತಿಳಿದೇ ಕುಡಿದೆ ಎಂಬುದನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಇನ್ನೊಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದಾಗ ಜನ ಎರಡನೆಯದನ್ನು ಹೆಚ್ಚು ಮೆಚ್ಚಿದ್ದಲ್ಲದೆ, ಸುಖಾನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ವಿಸ್ಕಿಗೆ ಬೇರೆ ನಿಯಮ ಇರಲಾರದು.

ಪ್ಯಾಪಿ ಸಿಗದವರು ಏನು ಕುಡಿಯಬೇಕು ಎಂಬುದು ಮುಂದಿನ ಪ್ರಶ್ನೆ. ಬಫಲೋ ಟ್ರೇಸ್‌ನಲ್ಲೇ ಗೋಧಿ ಬೆರೆಸಿ ತಯಾರಾಗುವ ಡಬ್ಲ್ಯು. ಎಲ್. ವೆಲ್ಲರ್ ಎಂಬ ಬರ್ಬನ್‌ಗೆ ಒಂದು ಕಾಲದಲ್ಲಿ ಯಾರೂ ಮೂಸಿ ನೋಡುವವರಿರಲಿಲ್ಲ. ಅದು 'ಬಡವರ ಪ್ಯಾಪಿ' ಎಂದು ಯಾರೋ ಬರೆದರು, ಹತ್ತು ಜನ ಓದಿದರು, ಈಗ 12 ವರ್ಷದ ವೆಲ್ಲರ್ ಕೂಡ ಅದೇ ಬೀಗದ ಕಪಾಟು ಸೇರಿದೆ. ಮೇಕರ್ಸ್ ಮಾರ್ಕ್, ಲಾರ್ಸೆನಿ ಎರಡೂ ಗೋಧಿಯ ಬರ್ಬನ್‌ಗಳೇ, ಮೂವತ್ತು ಡಾಲರಿನ ಆಸುಪಾಸಿನಲ್ಲಿ ಎಲ್ಲೆಡೆ ಸಿಗುತ್ತವೆ. ಇವು ಪ್ಯಾಪಿಗೆ ಸಮ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಇವಕ್ಕಿಂತ ಪ್ಯಾಪಿ ನೂರು ಪಟ್ಟು ಮೇಲು ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು.

ಖಾಸಗಿಯವರಿಂದ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಖಾಲಿ ಪ್ಯಾಪಿ ಬಾಟಲಿಗೂ ಗಿರಾಕಿಗಳಿದ್ದಾರೆ, ಮತ್ತು ಎಲ್ಲರೂ ಅದನ್ನು ಷೋಕೇಸಿನಲ್ಲಿಡಲು ಕೊಳ್ಳುವುದಿಲ್ಲ. ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ 2017ರಲ್ಲಿ 1878ರ ಮೆಕಾಲನ್ ಸ್ಕಾಚ್ ಎಂದು ಸುಮಾರು ಹತ್ತು ಸಾವಿರ ಫ್ರಾಂಕ್‌ಗೆ ಒಂದೇ ಒಂದು ಪೆಗ್ ಮಾರಿದರು. ಪರೀಕ್ಷೆಗೆ ಕಳಿಸಿದಾಗ ಅದು 1970ರ ದಶಕದ ಆರಂಭದ ಮಿಶ್ರ ವಿಸ್ಕಿ ಎಂದು ತಿಳಿಯಿತು. ಹೋಟೆಲಿನವರು ಹಣ ವಾಪಸು ಕೊಟ್ಟರು. ಅಷ್ಟು ದೊಡ್ಡ ಹೋಟೆಲಿನವರೇ ಮೋಸಹೋದ ಮೇಲೆ, ಕಾರ್ ಪಾರ್ಕಿಂಗ್‌ನಲ್ಲಿ ಅಪರಿಚಿತನಿಂದ ಬಾಟಲಿ ಪಡೆಯುವವನ ಪಾಡನ್ನು ಹೇಳಬೇಕಾಗಿಲ್ಲ.

ಬೆಂಗಳೂರಿನಿಂದ ಕೇಳುವವರಿಗೆ ನಾನು ಬೇರೆ ಮಾತು ಹೇಳುತ್ತೇನೆ. ಭಾರತಕ್ಕೆ ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್; ಆ ಜಾಗವನ್ನು ಹಣೆಪಟ್ಟಿಯ ವಯಸ್ಸು ನೋಡಿ ತುಂಬಬೇಡಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ, ಮೈಸೂರು ರಸ್ತೆಯ ಕಂಬಿಪುರದ ಅಮೃತ್ ಡಿಸ್ಟಿಲರಿಯಲ್ಲಿ ಶೇ. 10ಕ್ಕೂ ಹೆಚ್ಚು ಹೋಗುತ್ತದೆ. ಅಲ್ಲಿ ಐದಾರು ವರ್ಷಕ್ಕೇ ಮಾಗುವ ಸಿಂಗಲ್ ಮಾಲ್ಟ್, 2004ರಲ್ಲಿ ಗ್ಲಾಸ್ಗೊದಲ್ಲೇ ಮೊದಲು ಮಾರುಕಟ್ಟೆಗೆ ಬಂದು ಸ್ಕಾಚ್ ಕುಡಿಯುವವರ ಮೆಚ್ಚುಗೆ ಪಡೆದದ್ದು ನಿಮಗೆ ಗೊತ್ತೇ ಇದೆ. ನಿಮ್ಮೂರಿನ ಅಂಗಡಿಯಲ್ಲೇ ಅದು ಸಿಗುವಾಗ, ಅಮೆರಿಕದಿಂದ ಬರುವ ಭಾವಮೈದುನನಿಗೆ ಪ್ಯಾಪಿ ಹುಡುಕುವ ಕೆಲಸ ಹಚ್ಚುವುದು ಅವರಿಗೂ ಕಷ್ಟ, ನಿಮಗೂ ನಷ್ಟ. ರುಚಿ ನೋಡಲೇಬೇಕೆಂಬ ಆಸೆಯಿದ್ದರೆ ಕೆಂಟಕಿಗೆ ಬಂದಾಗ ಒಳ್ಳೆಯ ಬಾರಿನಲ್ಲಿ ಅರ್ಧ ಔನ್ಸ್, ಅಂದರೆ ಸುಮಾರು 15 ಮಿಲಿಲೀಟರ್ ಕೇಳಿ ಕುಡಿಯಿರಿ. ಹಲವು ಕಡೆ ಅಷ್ಟನ್ನೇ ಕೊಡುತ್ತಾರೆ, ದುಬಾರಿಯಾದರೂ ಕೈ ಸುಡುವುದಿಲ್ಲ.

ಕುಡಿಯಲು ಬೇಡ, ಕೊಂಡಿಟ್ಟು ಮಾರುತ್ತೇನೆ ಎನ್ನುವವರೂ ಈಚೆಗೆ ಸಿಗುತ್ತಾರೆ. ಅವರಿಗೆ ಕೆಂಟಕಿಯ ಉಗ್ರಾಣಗಳನ್ನು ತೋರಿಸುತ್ತೇನೆ: 1.4 ಕೋಟಿಗೂ ಹೆಚ್ಚು ಪೀಪಾಯಿ ಬರ್ಬನ್ ಅಲ್ಲಿ ಮಾಗುತ್ತ ಕೂತಿದೆ, ಅಂದರೆ ಆ ರಾಜ್ಯದ ಜನಸಂಖ್ಯೆಯ ಮೂರು ಪಟ್ಟು. ಕೋವಿಡ್ ಕಾಲದಲ್ಲಿ ಏರಿದ್ದ ಮರುಮಾರಾಟದ ಬೆಲೆಗಳು ಆಗಲೇ ಇಳಿಯತೊಡಗಿವೆ, ಕಪಾಟಿನ ಚೀಟಿಗಳಲ್ಲಿ ಹಳೆಯ ಬೆಲೆ ಹೊಡೆದುಹಾಕಿ ಹೊಸದು ಬರೆದದ್ದನ್ನು ನದಿಯ ಆಚೆಯ ಅಂಗಡಿಗಳಲ್ಲೇ ನೋಡುತ್ತಿದ್ದೇನೆ.