ಎಡ ರೆಕ್ಕೆಗೆ ಬಟ್ಟೆ: ಇಸ್ತ್ರಿಗೆ ಮುಂಚಿನ ಕೆಲಸವೇ ಹೆಚ್ಚು

ವಿಮಾನದ ಎಡ ರೆಕ್ಕೆಯ ಎರಡೂ ಮೈಗೆ ಪಾಲಿಯೆಸ್ಟರ್ ಬಟ್ಟೆ ಅಂಟಿಸಿ, 121 ಡಿಗ್ರಿ ಸೆಲ್ಸಿಯಸ್‌ನ ಇಸ್ತ್ರಿ ಬಿಸಿಯಲ್ಲಿ ಬಟ್ಟೆಯನ್ನು ಕುಗ್ಗಿಸುವ ಮೊದಲ ಸುತ್ತಿನ ಬಿಗಿತ ಮುಗಿದಿದೆ. ಬಲ ರೆಕ್ಕೆ ಇನ್ನೂ ಬರೀ ಹಂದರ. ಎಡಗಡೆ ಕಂಡದ್ದನ್ನು ಬಲಗಡೆಗೆ ಕೈ ಹಾಕುವ ಮೊದಲು ಇಲ್ಲಿ ಬರೆದಿಡಬೇಕು.

ಬಟ್ಟೆಗೆ ಎಳೆಯುವುದಷ್ಟೇ ಗೊತ್ತು. ತಳ್ಳಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಆಕಾರ ಹಿಡಿದಿಡುವ ಕೆಲಸವೆಲ್ಲ ಸ್ಪಾರ್ (ಬುಡದಿಂದ ತುದಿಗೆ ಹೋಗುವ ತೊಲೆ), ರಿಬ್ (ಮುಂದಿನಿಂದ ಹಿಂದಕ್ಕೆ ರೆಕ್ಕೆಯ ಆಕಾರ ಕೊಡುವ ಅಡ್ಡಪಟ್ಟಿ) ಮತ್ತು ತಂತಿಗಳದ್ದು. ಹಂದರದಲ್ಲಿ ಉಳಿದ ಸೊಟ್ಟವನ್ನು ಬಟ್ಟೆ ಸರಿಮಾಡುವುದಿಲ್ಲ, ಹಾಗೆಯೇ ಬಿಗಿದು ಕೂರಿಸುತ್ತದೆ.

ಮೊದಲು ಚೌಕ ನೋಡಿದ್ದು. ಎರಡು ಸ್ಪಾರ್‌ಗಳನ್ನು ದೂರ ಹಿಡಿದಿಡುವ ಕಂಪ್ರೆಶನ್ ಸ್ಟ್ರಟ್‌ಗಳ ನಡುವಿನ ಪ್ರತಿ ಅಂಕಣದಲ್ಲೂ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆದು, ವ್ಯತ್ಯಾಸ 1 ಮಿ.ಮೀ. ಒಳಗೆ ಬರುವವರೆಗೆ ಓರೆಯಾಗಿ ಹೋಗುವ ಡ್ರ್ಯಾಗ್ ವೈರ್ ತಂತಿಗಳನ್ನು ಹೊಂದಿಸಲಾಯಿತು. ಅಳತೆಗೆ ಟೇಪ್ ನಂಬಬಾರದು, ಅದು ಜೋತುಬೀಳುತ್ತದೆ. ನೇರವಾದ ಕೋಲಿಗೆ ಎರಡು ಮೊನೆ ಸಿಕ್ಕಿಸಿದ ಟ್ರಾಮೆಲ್ಲೇ ಸರಿ. ಬುಡದ ಅಂಕಣದಿಂದ ತುದಿಯ ಕಡೆಗೆ ಹೋಗಿ, ಮುಗಿದ ಮೇಲೆ ಮತ್ತೆ ಬುಡಕ್ಕೆ ಬಂದು ನೋಡಬೇಕು, ಏಕೆಂದರೆ ಕೊನೆಯ ಅಂಕಣದ ತಂತಿ ಬಿಗಿದಾಗ ಹಿಂದಿನವು ಅಲುಗಿರುತ್ತವೆ. ಸ್ಪಾರ್ ಉದ್ದಕ್ಕೂ ನೂಲು ಹಿಡಿದು ನೇರ ಇದೆಯೇ ಎಂದೂ ನೋಡಿದ್ದಾಯಿತು.

ಆಮೇಲೆ ಲಾಡಿ. ರಿಬ್ ನಿಂತ ದಿಕ್ಕಿಗೆ ಗಟ್ಟಿ, ಪಕ್ಕಕ್ಕೆ ಬಲು ಮೆತ್ತಗೆ. ಒಂದು ಪಕ್ಕದ ಬಟ್ಟೆ ಮೊದಲು ಬಿಗಿಯಾದರೆ ರಿಬ್ ಆ ಕಡೆ ವಾಲುತ್ತದೆ, ವಾಲಿದಷ್ಟೂ ಅಲ್ಲಿ ರೆಕ್ಕೆಯ ಎತ್ತರ ಕುಸಿಯುತ್ತದೆ. ಇದನ್ನು ತಡೆಯಲು ಎರಡು ಸ್ಪಾರ್‌ಗಳ ನಟ್ಟನಡುವೆ ಹತ್ತಿ ಲಾಡಿ ಕಟ್ಟಿದೆ: ಒಂದು ರಿಬ್ಬಿನ ಮೇಲ್ಪಟ್ಟಿಗೆ ಒಂದು ಸುತ್ತು, ಮುಂದಿನದರ ಕೆಳಪಟ್ಟಿಗೆ ಒಂದು ಸುತ್ತು, ಹೀಗೆ ತುದಿಯವರೆಗೆ. ಎರಡನೇ ಲಾಡಿ ಇದಕ್ಕೆ ತದ್ವಿರುದ್ಧವಾಗಿ ಹೋಗುತ್ತದೆ. ಕಟ್ಟಿದ ಮೇಲೆ ಮೂರನೇ ರಿಬ್ಬಿಗೆ ಲಂಬಕೋನ ನೋಡುವ ಗುಣಿಯ ಇಟ್ಟರೆ ಮೇಲ್ತುದಿಯಲ್ಲಿ 4 ಮಿ.ಮೀ. ವಾಲು ಕಂಡಿತು, ಲಾಡಿಯ ಒಂದು ಸುತ್ತು ಅತಿ ಬಿಗಿಯಾಗಿತ್ತು. ಸಡಿಲಿಸಿ ಮತ್ತೆ ಸುತ್ತಿದ ಮೇಲೆ ನೆಟ್ಟಗಾಯಿತು. ಬುಡದ ರಿಬ್ಬಿಗೆ ಲಾಡಿ ಸಾಲದು. ಅದಕ್ಕೆ ಒಂದೇ ಕಡೆಯಿಂದ ಎಳೆತ, ಸರಿದೂಗಿಸಲು ಆಚೆ ಬಟ್ಟೆಯಿಲ್ಲ. ಅಲ್ಲಿ ರಿಬ್ಬಿನಿಂದ ಸ್ಪಾರಿಗೆ ಓರೆ ಆಸರೆ ಬೇಕೇಬೇಕು.

ಮೂತಿಯ, ಅಂದರೆ ರೆಕ್ಕೆಯ ಮುಂದಂಚಿನ, ಮಾತು ಸ್ವಲ್ಪ ವಿವರವಾಗಿಯೇ ಹೇಳಬೇಕು. ಲೀಡಿಂಗ್ ಎಡ್ಜ್ ಎಂಬ ಈ ಅಂಚಿನ ಹತ್ತಿರ ರಿಬ್‌ಗಳ ನಡುವೆ ಬಟ್ಟೆ ತಗ್ಗಾಗಿ ಬೀಳುವುದನ್ನು ಕಂಡರೆ, ಇನ್ನಷ್ಟು ಬಿಸಿ ಕೊಟ್ಟು ಎಳೆಸೋಣ ಎಂದು ಕೈ ಹೋಗುತ್ತದೆ. ಅದರಿಂದ ಪ್ರಯೋಜನವಿಲ್ಲ. ಮುಂದಿನಿಂದ ಹಿಂದಕ್ಕೆ ಬಾಗಿ ಹೋಗುವ ಎಳೆಗಳು ಬಟ್ಟೆಯನ್ನು ಒಳಗೆ ಒತ್ತುತ್ತವೆ, ರಿಬ್ಬಿನಿಂದ ರಿಬ್ಬಿಗೆ ಹೋಗುವ ಎಳೆಗಳು ಅದನ್ನು ಎತ್ತಿ ಹಿಡಿಯುತ್ತವೆ. ಬಿಸಿಗೆ ಎರಡೂ ಒಟ್ಟಿಗೆ ಬಿಗಿಯಾಗುವುದರಿಂದ ತಗ್ಗು ಇದ್ದಲ್ಲೇ ಇರುತ್ತದೆ. ತಗ್ಗಿನ ಆಳ ತೀರ್ಮಾನವಾಗುವುದು ಬಾಗಿನ ತ್ರಿಜ್ಯ ಮತ್ತು ರಿಬ್ ಅಂತರದಿಂದ. ಎರಡು ದಿಕ್ಕಿನ ಬಿಗಿತ ಸಮ ಎಂದಿಟ್ಟುಕೊಂಡರೆ, ಅಂತರದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಅಂದಾಜು ಆಳ ಸಿಗುತ್ತದೆ. 300 ಮಿ.ಮೀ. ಅಂತರ, 2 ಮೀಟರ್ ತ್ರಿಜ್ಯದ ಮೆಲುಬಾಗಿನಲ್ಲಿ ಇದು 5.6 ಮಿ.ಮೀ. ಅಂತರ ಅರ್ಧವಾದರೆ ಆಳ ಕಾಲು ಭಾಗಕ್ಕೆ ಇಳಿದು 1.4 ಆಗುತ್ತದೆ. ಅದಕ್ಕೇ ಎರಡು ಪೂರ್ಣ ರಿಬ್‌ಗಳ ನಡುವೆ ಮುಂದಿನ ಸ್ಪಾರ್‌ವರೆಗೆ ಮಾತ್ರ ಬರುವ ಮೂತಿ ರಿಬ್ ಇಡುವುದು. ಮೂತಿಯ ತೀರಾ ಮುಂದೆ, ತ್ರಿಜ್ಯ ಕೆಲವೇ ಸೆಂಟಿಮೀಟರ್ ಇರುವಲ್ಲಿ, ಯಾವ ಅಂತರವೂ ಸಾಲದು. ತೆಳು ಅಲ್ಯೂಮಿನಿಯಂ ತಗಡು ಅಥವಾ ಪ್ಲೈವುಡ್ ಹೊದಿಸಲೇಬೇಕು. ಗಾಳಿ ಅತಿ ವೇಗವಾಗಿ ಹರಿಯುವ ಜಾಗವೂ ಅದೇ ಆದ್ದರಿಂದ ಇಲ್ಲಿ ರಾಜಿ ಬೇಡ.

ಟ್ರೇಲಿಂಗ್ ಎಡ್ಜ್‌ನಲ್ಲೂ, ಅಂದರೆ ಹಿಂದಂಚಿನಲ್ಲೂ, ಇದೇ ಎಳೆತ. 1917ರ ಫೋಕರ್ ಡಿಆರ್.1 ವಿಮಾನದ ರೆಕ್ಕೆಯ ಹಿಂಬದಿ ಬಾವಲಿಯ ರೆಕ್ಕೆಯಂತೆ ಕಮಾನು ಕಮಾನಾಗಿ ಕಾಣುವುದು, ಅಲ್ಲಿದ್ದದ್ದು ಬರಿಯ ತಂತಿ ಎಂಬ ಕಾರಣಕ್ಕೆ. ಇಲ್ಲಿ ಮಡಚಿದ ಅಲ್ಯೂಮಿನಿಯಂ ಪಟ್ಟಿ ಇರುವುದರಿಂದ ಬಾಗು ಕಣ್ಣಿಗೆ ಬೀಳುವಷ್ಟಿಲ್ಲ.

ಬಟ್ಟೆ ಚದರ ಮೀಟರಿಗೆ ಸುಮಾರು 92 ಗ್ರಾಂ ತೂಗುವಂಥದ್ದು. ಕೆಳಮೈ ಮೊದಲು, ಮೇಲ್ಮೈ ಆಮೇಲೆ. ಮೂತಿಯಲ್ಲಿ 50 ಮಿ.ಮೀ., ಉಳಿದೆಡೆ 25 ಮಿ.ಮೀ. ಬಟ್ಟೆಯ ಅಂಚುಗಳು ಒಂದರ ಮೇಲೊಂದು ಕೂರುತ್ತವೆ. ಇಸ್ತ್ರಿಪೆಟ್ಟಿಗೆಯ ತಿರುಗಣೆಯ ಮೇಲಿನ ಗುರುತುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ತಳಕ್ಕೆ ಥರ್ಮಾಮೀಟರ್ ತಾಗಿಸಿ 121, 149, 177 ಡಿಗ್ರಿಗಳಿಗೆ ಬೇರೆ ಗುರುತು ಹಾಕಿ. 177 ದಾಟಿದ ಬಟ್ಟೆ ಬಿಗಿತ ಕಳೆದುಕೊಳ್ಳತೊಡಗುತ್ತದೆ, ಮತ್ತೆ ಬಿಗಿಯುವುದಿಲ್ಲ. ಹೀಟ್ ಗನ್ ಹಿಡಿದರೆ ಎಷ್ಟು ಬಿಸಿ ತಾಗಿತು ಎಂಬುದೇ ತಿಳಿಯದು, ಅದನ್ನು ದೂರ ಇಡಿ.

ಒಂದು ಮೈಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು. ಮೇಲೆ ಎರಡು ಅಂಕಣ, ಕೆಳಗೆ ಅದೇ ಎರಡು, ಹೀಗೆ ಬದಲಿಸುತ್ತ ಸಾಗಿದ್ದಾಯಿತು. ವಾಶ್‌ಔಟ್, ಅಂದರೆ ಬುಡಕ್ಕಿಂತ ತುದಿಯ ಮೂತಿ ತುಸು ತಗ್ಗಿರುವಂತೆ ರೆಕ್ಕೆಗೆ ಬೇಕೆಂದೇ ಕೊಡುವ ತಿರುಚು, 2 ಡಿಗ್ರಿ. ಬುಡ ಮತ್ತು ತುದಿಯ ರಿಬ್‌ಗಳ ಕೆಳಗೆ ಅಚ್ಚಿನ ಕಟ್ಟೆಗಳನ್ನಿಟ್ಟು, ಪ್ರತಿ ಸಲ ಮೈ ಬದಲಿಸಿದ ನಂತರ ಡಿಜಿಟಲ್ ರಸಮಟ್ಟ ಇಟ್ಟು ನೋಡಲಾಯಿತು. ನಡುವೆ ಒಮ್ಮೆ 0.3 ಡಿಗ್ರಿ ಜಾರಿತ್ತು. ತುದಿಯ ಕಟ್ಟೆ ಸರಿದಿದ್ದೇ ಕಾರಣ. ಎರಡೂ ಮೈ ಬಿಗಿಯಾದ ರೆಕ್ಕೆ ತಿರುಚಲು ಒಪ್ಪುವುದಿಲ್ಲ. ರೆಕ್ಕೆಗೆ ಹೊರಗಿನಿಂದ ಆಸರೆ ಕೊಡುವ ಹಿಂದಿನ ಸ್ಟ್ರಟ್‌ನ ಉದ್ದ ಹೊಂದಿಸಿ ಅಲ್ಪಸ್ವಲ್ಪ ಸರಿಮಾಡಬಹುದು, ಆದರೆ ನಡುವೆ ಹುಟ್ಟಿದ ತಿರುಚು ಅದಕ್ಕೆ ಸಿಗದು.

ಮುಂದಿನ ಸುತ್ತಿನಲ್ಲಿ 149 ಡಿಗ್ರಿಗೆ ಹೋದ ಮೇಲೆ ರಿಬ್ಬಿನ ಮೇಲ್ಪಟ್ಟಿ-ಕೆಳಪಟ್ಟಿಗಳ ನಡುವಿನ ಕಡ್ಡಿ ಒಳಬಾಗಿದ ಸುಳಿವು ಕಂಡರೆ ಅಲ್ಲಿಗೇ ನಿಲ್ಲಿಸುವ ತೀರ್ಮಾನ. ಬಟ್ಟೆಯನ್ನು ರಿಬ್‌ಗಳಿಗೆ ದಾರದಿಂದ ಕಟ್ಟುವ ಹೊಲಿಗೆಗೆ ಪ್ರೊಪೆಲರ್ ಗಾಳಿ ಬೀಳುವ ಭಾಗದಲ್ಲಿ 63 ಮಿ.ಮೀ. ಅಂತರ ಗುರುತಾಗಿದೆ. ದಾರವನ್ನು ಬಟ್ಟೆ ರಿಬ್ಬಿಗೆ ಕೂರುವಷ್ಟೇ ಎಳೆಯಬೇಕು; ಹೆಚ್ಚಾದರೆ ರಿಬ್ ಪಟ್ಟಿ ಎರಡು ಕಡ್ಡಿಗಳ ನಡುವೆ ಕುಳಿ ಬೀಳುತ್ತದೆ. ಬಣ್ಣಕ್ಕೆ, ಒಣಗಿದ ಮೇಲೂ ಎಳೆಯುತ್ತಲೇ ಹೋಗುವ ಡೋಪ್ (ಬಟ್ಟೆಗೆ ಬಳಿಯುವ ಲೇಪ) ಬೇಡ, ಬಿಗಿಯದ ಬಗೆಯದೇ ಆಗಬೇಕು.

ಬಲ ರೆಕ್ಕೆಯಲ್ಲಿ ಈಗ ಐದನೇ ಅಂಕಣದವರೆಗೆ ಮೂತಿ ರಿಬ್ ಕೂತಿವೆ. ಉಳಿದವು ಕೂತ ಮೇಲೆ ಮತ್ತೆ ಟ್ರಾಮೆಲ್, ಆಮೇಲೆ ಲಾಡಿ.