ಹೈಡ್ರೋಜನ್ ಎಲ್ಲ ಆಕಾಶದ ತುದಿಗೆ ಹೋಗಿ ಸೇರಿದೆಯೇ?

ಕೋಲಾರದಲ್ಲಿ ವಿಜ್ಞಾನ ಪಾಠ ಹೇಳುವ ನನಗೆ ಪ್ರತಿ ವರ್ಷ ಎದುರಾಗುವ ಪ್ರಶ್ನೆ: "ಸರ್, ಹೈಡ್ರೋಜನ್ ಎಲ್ಲಕ್ಕಿಂತ ಹಗುರ. ಹಾಗಾದರೆ ಮೇಲೆಲ್ಲ ಅದೇ ತುಂಬಿರಬೇಕಲ್ಲವೇ?"

ತುದಿಯಲ್ಲಿ ಅದೇ ಇದೆ, ನಿಜ. ಆದರೆ ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ ಎಂಬ ಲೆಕ್ಕ ನೆಲದಿಂದ ಸುಮಾರು 100 ಕಿಲೋಮೀಟರ್‌ವರೆಗೆ ನಡೆಯುವುದಿಲ್ಲ. ಅಲ್ಲಿಯವರೆಗೆ ಗಾಳಿ ಸದಾ ಕದಡುತ್ತಲೇ ಇರುವುದರಿಂದ ಸಾರಜನಕ, ಆಮ್ಲಜನಕ, ಆರ್ಗಾನ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆರೆತಿರುತ್ತವೆ. ಅದರಾಚೆ ಗಾಳಿ ತೀರ ವಿರಳ. ಒಂದೊಂದು ಅನಿಲವೂ ತನ್ನ ತೂಕಕ್ಕೆ ತಕ್ಕಂತೆ ಕಡಿಮೆಯಾಗುತ್ತ ಹೋಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ 400 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಬಿಡಿ ಪರಮಾಣುಗಳದೇ ಕಾರುಬಾರು. ಇನ್ನೂ ಮೇಲೆ ಹೀಲಿಯಂ, ಅದಕ್ಕೂ ಮೇಲೆ ಹೈಡ್ರೋಜನ್. ಅಂದರೆ ಹೈಡ್ರೋಜನ್ ಅಲ್ಲಿ ಗುಡ್ಡೆ ಬಿದ್ದಿಲ್ಲ. ಉಳಿದವೆಲ್ಲ ಮುಗಿದ ಮೇಲೂ ಅದು ಮುಗಿದಿರುವುದಿಲ್ಲ, ಅಷ್ಟೇ.

ಎಷ್ಟು ದೂರದವರೆಗೆ? 1972ರಲ್ಲಿ ಅಪೋಲೋ 16ರ ಯಾತ್ರಿಗಳು ವಿಜ್ಞಾನಿ ಜಾರ್ಜ್ ಕರೂಥರ್ಸ್ ರೂಪಿಸಿದ ಕ್ಯಾಮೆರಾವನ್ನು ಚಂದ್ರನ ನೆಲದಲ್ಲಿಟ್ಟು, ಭೂಮಿಯ ಸುತ್ತ ನೇರಳಾತೀತದಲ್ಲಿ ಹೊಳೆಯುವ ಈ ಹೈಡ್ರೋಜನ್ ಪ್ರಭೆಯ ಚಿತ್ರ ತೆಗೆದರು. ಆ ಪ್ರಭೆ ಚಂದ್ರನನ್ನೂ ದಾಟಿ ಸುಮಾರು 6,30,000 ಕಿಲೋಮೀಟರ್‌ವರೆಗೆ ಚಾಚಿದೆ ಎಂದು ಸೂರ್ಯನನ್ನು ಗಮನಿಸುವ ಸೋಹೋ ನೌಕೆಯ ಹಳೆಯ ಮಾಹಿತಿಯನ್ನು ಮತ್ತೆ ಪರಿಶೀಲಿಸಿದವರು 2019ರಲ್ಲಿ ಹೇಳಿದರು. ಹಾಗಾದರೆ ಚಂದ್ರನ ಮೇಲೆ ನಡೆದವರೂ ಭೂಮಿಯ ವಾತಾವರಣ ಬಿಟ್ಟು ಹೋಗಿರಲಿಲ್ಲ! ಅಷ್ಟು ದೂರದಲ್ಲಿ ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣುವೂ ಸಿಗದು ಎಂಬುದು ಬೇರೆ ಮಾತು.

ಸೂರ್ಯ ಉಗ್ರನಾಗಿ ಮೇಲಿನ ಪದರ ಕಾದಾಗ ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಹೈಡ್ರೋಜನ್ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಕಾದಾಗ ಮೊದಲಿಗಿಂತ ಹೆಚ್ಚು ಪರಮಾಣುಗಳು ಭೂಮಿಯ ಸೆಳೆತ ಬಿಡಿಸಿಕೊಂಡು ಓಡಿಹೋಗುತ್ತವೆ. ನನಗೆ ಇಡೀ ವಿಷಯದಲ್ಲಿ ಹೆಚ್ಚು ಹಿಡಿಸಿದ್ದು ಈ ತಿರುವು.

ಇಲ್ಲಿಗೆ ಬಂದಾಗ ನಮ್ಮ ಜಿಲ್ಲೆಯ ಮಕ್ಕಳು ಕೇಳುವುದು ಒಂದೇ: "ಹಾಗಾದರೆ ನೀರು ಖಾಲಿಯಾಗುತ್ತದೆಯೇ, ಸರ್?" ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬರುವ ಊರಿನಲ್ಲಿ ಇದು ಸಹಜ ಭಯ. ಆ ಹೈಡ್ರೋಜನ್ ಹುಟ್ಟುವುದು ನೀರಾವಿ ಮತ್ತು ಮೀಥೇನ್ ಒಡೆದೇ ಹೌದು. ಸೆಕೆಂಡಿಗೆ ಸುಮಾರು 3 ಕಿಲೋಗ್ರಾಂ ಸೋರಿಹೋಗುತ್ತದೆ. ಈ ವೇಗದಲ್ಲಿ ಸಮುದ್ರಗಳು ಬತ್ತಲು ಲಕ್ಷ ಕೋಟಿ ವರ್ಷಗಳೂ ಸಾಲವು. ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲೇ ಕಡು ಚಳಿಗೆ ನೀರಾವಿ ಹೆಪ್ಪುಗಟ್ಟಿ ಕೆಳಗಿಳಿಯುತ್ತದೆ. ಕೆರೆಗೆ ತೂಬಿದ್ದಂತೆ ಮೇಲಕ್ಕೆ ಎಷ್ಟು ನೀರಾವಿ ಬಿಡಬೇಕೆಂದು ನಿರ್ಧರಿಸುವುದು ಆ ಚಳಿಯ ಪದರವೇ. ಬೋರ್‌ವೆಲ್ ಬತ್ತಿದ್ದಕ್ಕೆ ಕಾರಣವನ್ನು ನೆಲದ ಮೇಲೆಯೇ ಹುಡುಕಬೇಕು.