ಕುರ್ಚಿಯಿಲ್ಲದ ಬಾರಿನಲ್ಲಿ ಒಂದು ಸಂಜೆ

"ಮಾಮ, ಕುರ್ಚಿ ಹುಡುಕಬೇಡಿ. ಇಲ್ಲಿ ನಿಂತೇ ಕುಡಿಯೂದು."

ಅಕ್ಕನ ಮಗಳು ಇದನ್ನು ಹೇಳುವ ಹೊತ್ತಿಗೆ ನಾನು ಆ ಉದ್ದನೆಯ, ಮಬ್ಬು ಬೆಳಕಿನ ಕೋಣೆಯನ್ನು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಮ್ಮೆ ನಡೆದು ನೋಡಿಯಾಗಿತ್ತು. ಸೂರಿನ ತುಂಬ ತಾಮ್ರದ ಕೊಡಗಳು ತೂಗುತ್ತಿದ್ದವು. ಅಜ್ಜಿಮನೆಯ ಬಚ್ಚಲಿನ ಹಂಡೆ ನೆನಪಾಯಿತು. ವೆನಿಸ್‌ನ ರಿಯಾಲ್ತೊ ಸೇತುವೆಯ ಹಿಂದಿನ ಓಣಿಯಲ್ಲಿರುವ ಕಾಂಟಿನಾ ದೊ ಮೋರಿ ಇದು. 1462ರಿಂದ ನಡೆಯುತ್ತಿದೆ ಎಂದು ಹೇಳಿಕೊಳ್ಳುವ ಅಂಗಡಿ. ಇಂಥ ವೈನ್ ಅಂಗಡಿಗಳಿಗೆ ವೆನಿಸ್‌ನವರು ಬಾಕಾರೊ ಎನ್ನುತ್ತಾರೆ.

ಅವಳು ಪಕ್ಕದ ಪಾದೊವಾದಲ್ಲಿ ಓದುತ್ತಿದ್ದಾಳೆ. ನಾನು ಮಿಲಾನಿನಲ್ಲಿ ಕಚೇರಿ ಕೆಲಸ ಮುಗಿಸಿ ಬಂದವನು. ಇಬ್ಬರೂ ಸಾಂತಾ ಲೂಚಿಯಾ ರೈಲ್ವೆ ನಿಲ್ದಾಣದಲ್ಲಿ ಸೇರಿ, ನೀರಿನ ಬಸ್ಸಿಗೆ ತಲೆಗೆ ಒಂಬತ್ತೂವರೆ ಯೂರೋ ಎಂದದ್ದು ಕೇಳಿ ನಡೆದೇಬಿಟ್ಟೆವು. ಎರಡು ಸಲ ದಾರಿ ತಪ್ಪಿತು. ವೆನಿಸ್‌ನಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ನಿಜವಾದ ಮುಜುಗರ ಕುರ್ಚಿಯದಲ್ಲ. ಎತ್ತಿ ಆಡಿಸಿದ ಹುಡುಗಿಯ ಜೊತೆ ನಿಂತು ವೈನ್ ಕುಡಿಯುವುದು ಹೇಗೆ? ಹೊನ್ನಾವರದ ಕಡೆ ನಾವು ಕುಡಿಯಲು ಕಲಿತದ್ದೇ ಅಡಗಿಕೊಂಡು. ಬೈಕನ್ನು ಬಾರಿನ ಹಿಂದೆ ನಿಲ್ಲಿಸಿ, ಪರದೆ ಎಳೆದ ಕ್ಯಾಬಿನ್ನಿನಲ್ಲಿ ಕೂತು, ಹೊರಬರುವಾಗ ಬಡೇಸೋಪು ಅಗಿಯುತ್ತ. ಇಲ್ಲಿ ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ತರಕಾರಿ ಚೀಲವನ್ನು ಕಾಲ ಬುಡದಲ್ಲಿಟ್ಟು ಕೆಂಪು ವೈನ್ ಹೀರುತ್ತ ಅಂಗಡಿಯವನ ಜೊತೆ ಏನೋ ವಾದಕ್ಕಿಳಿದಿದ್ದಳು. ಅರ್ಧ ಗ್ಲಾಸು ಮುಗಿದಾಗ ವಾದವೂ ಮುಗಿಯಿತು, ಚೀಲ ಎತ್ತಿಕೊಂಡು ಹೋದಳು.

"ಎರಡು ಓಂಬ್ರ" ಎಂದಳು ಹುಡುಗಿ. ನನ್ನ ಕಡೆ ನೋಡದೆ.

ಓಂಬ್ರ ಎಂದರೆ ನೆರಳು. ಇಲ್ಲಿ ಸಣ್ಣ ಗ್ಲಾಸಿನ ವೈನಿಗೂ ಅದೇ ಹೆಸರು. ಹಿಂದೆ ಸಾನ್ ಮಾರ್ಕೊ ಚೌಕದಲ್ಲಿ ವೈನ್ ಮಾರುವವರು ಬಿಸಿಲಿಗೆ ಸರಕು ಕೆಡಬಾರದೆಂದು ಗಂಟೆಗೋಪುರದ ನೆರಳು ಸರಿದಂತೆ ತಾವೂ ಸರಿಯುತ್ತಿದ್ದರಂತೆ. "ನೆರಳಿಗೆ ಹೋಗೋಣ" ಎಂದರೆ "ಒಂದು ಗ್ಲಾಸು ಹಾಕೋಣ" ಎಂದು ಅರ್ಥವಾಯಿತಂತೆ. ಕಥೆ ಎಷ್ಟು ನಿಜವೋ, ಕೇಳಲಂತೂ ಚೆನ್ನಾಗಿದೆ. ಆ ಗೋಪುರ 1902ರಲ್ಲಿ ಕುಸಿದು ಬಿತ್ತು. ಈಗಿರುವುದು ಹಳೆಯದರ ಹಾಗೇ ಕಟ್ಟಿ 1912ರಲ್ಲಿ ಮುಗಿಸಿದ್ದು, ಹೆಚ್ಚುಕಡಿಮೆ 99 ಮೀಟರ್ ಎತ್ತರ. ನೆರಳೂ ಹಳೆಯ ಉದ್ದವೇ ಇದ್ದೀತು.

ಗ್ಲಾಸು ನಿಜಕ್ಕೂ ಸಣ್ಣದು. ನಮ್ಮ ಕ್ವಾರ್ಟರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವರು ಒಂದೇ ಕಡೆ ಠಿಕಾಣಿ ಹೂಡುವುದೂ ಇಲ್ಲ. ಇಲ್ಲೊಂದು, ಮುಂದಿನ ಓಣಿಯಲ್ಲೊಂದು, ನಡುವೆ ನಡಿಗೆ, ಹರಟೆ. ಜೊತೆಗೆ ತಿನ್ನಲು ಗಾಜಿನ ಪೆಟ್ಟಿಗೆಯಲ್ಲಿ ಚಿಕೆಟ್ಟಿ, ಅಂದರೆ ಒಂದೆರಡು ತುತ್ತಿನ ತಿಂಡಿಗಳು. ಕಡ್ಡಿ ಚುಚ್ಚಿದವು, ಬ್ರೆಡ್ಡಿನ ಮೇಲೆ ಏರಿ ಕೂತವು. ಬೆರಳು ತೋರಿಸಿದರೆ ತಟ್ಟೆಗೆ ಬರುತ್ತವೆ.

ನಾನು ಮೊದಲು ಬೆರಳು ತೋರಿಸಿದ್ದು ತಾರ್ಲೆಗೆ. ಕರಾವಳಿಯವನಿಗೆ ತಾರ್ಲೆ ಯಾವ ವೇಷದಲ್ಲಿದ್ದರೂ ಗುರುತು ಸಿಗುತ್ತದೆ. ಇಲ್ಲಿ ಅದು 'ಸಾರ್ದೆ ಇನ್ ಸಾಓರ್'. ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು, ವಿನೆಗರಿನಲ್ಲಿ ಬೇಯಿಸಿದ ಈರುಳ್ಳಿಯ ರಾಶಿಯೊಳಗೆ ಪದರಪದರವಾಗಿ ಮುಚ್ಚಿ, ಒಣದ್ರಾಕ್ಷಿ, ಪೈನ್ ಬೀಜ ಉದುರಿಸಿ ಒಂದೆರಡು ದಿನ ಹಾಗೇ ಇಡುವುದು. ಹಡಗಿನವರು ಮೀನು ಕೆಡದಂತೆ ಕಂಡುಕೊಂಡ ಉಪಾಯ. ಒಣದ್ರಾಕ್ಷಿ ಕಂಡು ಮೂಗು ಮುರಿದಿದ್ದೆ. ಬಾಯಿಗಿಟ್ಟ ಮೇಲೆ ಮಾತಾಡಲಿಲ್ಲ. ಹುಳಿ ಮೊದಲು, ಆಮೇಲೆ ಸಿಹಿ, ಕೊನೆಗೆ ಮೀನಿನ ಎಣ್ಣೆಯ ಜಿಡ್ಡು. ನಿನ್ನೆಯ ಮೀನುಸಾರಿಗೆ ಇವತ್ತು ರುಚಿ ಜಾಸ್ತಿ ಎಂದು ನಂಬುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ನೋಡಲು ಬೆಣ್ಣೆ. ಪೊಲೆಂಟಾ ಎಂಬ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ತುಂಡಿನ ಮೇಲೆ ಬೆಳ್ಳನೆಯ ಮುದ್ದೆ.

"ಒಣಮೀನು ಮಾಮ."

ನಂಬಲಿಲ್ಲ. ಒಣಮೀನಿಗೆ ವಾಸನೆ ಬೇಡವೇ? ನಾರ್ವೆಯ ಲೊಫೊಟೆನ್ ದ್ವೀಪಗಳ ಚಳಿಗಾಳಿಯಲ್ಲಿ ಉಪ್ಪಿಲ್ಲದೆ ಒಣಗಿಸಿದ ಕಾಡ್ ಮೀನಂತೆ. ಸೌದೆಯಷ್ಟು ಗಟ್ಟಿ. ಅದನ್ನು ಜಜ್ಜಿ, ದಿನಗಟ್ಟಲೆ ನೀರಲ್ಲಿ ನೆನೆಸಿ, ಬೇಯಿಸಿ, ಎಣ್ಣೆ ಹನಿಸುತ್ತ ಕಡೆದು ಕಡೆದು ಈ ಹದಕ್ಕೆ ತರುತ್ತಾರೆ. ಹೆಸರು ಬಕಲಾ ಮಂಟೆಕಾಟೊ. ಪಿಯೆತ್ರೊ ಕ್ವೆರೀನಿ ಎಂಬ ವೆನಿಸ್ ವರ್ತಕ 1431ರಲ್ಲಿ ಕ್ರೀಟ್‌ನಿಂದ ಫ್ಲಾಂಡರ್ಸ್ ಕಡೆಗೆ ವೈನ್ ತುಂಬಿಕೊಂಡು ಹೊರಟು, ಬಿರುಗಾಳಿಗೆ ಸಿಕ್ಕಿ, 1432ರ ಜನವರಿಯಲ್ಲಿ ಲೊಫೊಟೆನ್‌ನ ರೋಸ್ಟ್ ದ್ವೀಪ ಸೇರಿದ. ಅಲ್ಲಿಯ ಮೀನುಗಾರರು ಬದುಕಿಸಿದರು. ಒಣಮೀನಿನ ರುಚಿಯನ್ನು ಊರಿಗೆ ತಂದವನು ಅವನೇ ಎಂದು ವೆನಿಸ್‌ನವರು ಹೇಳುತ್ತಾರೆ. ಮಳೆಗಾಲಕ್ಕೆಂದು ಡಬ್ಬಿಯಲ್ಲಿ ಒಣಮೀನು ತುಂಬಿಡುತ್ತಿದ್ದ ನನ್ನ ಅಮ್ಮನಿಗೆ ಇದನ್ನು ತಿನ್ನಿಸಿದ್ದರೆ "ಹಲ್ಲಿಲ್ಲದವರಿಗೆ ಮಾಡಿದ್ದು" ಎನ್ನುತ್ತಿದ್ದಳು.

ಇಷ್ಟಾಗುವಾಗ ನೆನಪಾಯಿತು, ಅಕ್ಕ ಮಗಳಿಗೆಂದು ಕೊಟ್ಟ ಅರ್ಧ ಕೆಜಿ ಕಾಳುಮೆಣಸು ನನ್ನ ಚೀಲದಲ್ಲೇ ಇದೆ. ಗೇರುಸೊಪ್ಪೆ ಕಡೆಯ ತೋಟದ್ದು. ಕಾಳುಮೆಣಸು ಹೊತ್ತು ರಿಯಾಲ್ತೊಗೆ ಬಂದೆನಲ್ಲ ಎಂದು ನಗು ಬಂತು. ಒಂದು ಕಾಲಕ್ಕೆ ಈ ಊರು ದುಡ್ಡು ಕಂಡದ್ದರಲ್ಲಿ ಅದೇ ಮೆಣಸಿನ ಪಾಲು ದೊಡ್ಡದು. ನಮ್ಮ ಕಡೆಯ ಬಂದರುಗಳಿಂದ ಅರಬ್ಬಿ ಸಮುದ್ರ ದಾಟಿ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಇಲ್ಲಿಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ತುಗೀಸರು ಇಟ್ಟ ಹೆಸರೇ ಮೆಣಸಿನ ರಾಣಿ. ವೆನಿಸ್‌ನ ಈ ಹಿನ್ನೀರಿನದೇ ಊರಾದ ಕಿಯೋಜಾದ ನಿಕೊಲೊ ಕೊಂತಿ 15ನೇ ಶತಮಾನದ ಆರಂಭದಲ್ಲಿ ವಿಜಯನಗರ ನೋಡಿ ಬಂದು ಅದರ ವೈಭವ ಹೇಳಿ ಬರೆಸಿದ. ನಾನು ಪೊಟ್ಟಣ ತೆಗೆದು ಗಾಜಿನ ಪೆಟ್ಟಿಗೆಯ ಪಕ್ಕ ಇಟ್ಟೆ. ಅಂಗಡಿಯವನು ಮೂಸಿ ನೋಡಿ ಹುಬ್ಬೇರಿಸಿದ. ಬಿಲ್ಲಿನಲ್ಲಿ ಮಾತ್ರ ಏನೂ ಕಡಿಮೆಯಾಗಲಿಲ್ಲ.

ಅಕಾಡೆಮಿಯಾ ಸೇತುವೆ ದಾಟಿ ಸಾನ್ ತ್ರೊವಾಸೊ ಕಾಲುವೆಯ ಬಳಿ ಎರಡನೇ ಬಾಕಾರೊ. ಗ್ಲಾಸು, ತಟ್ಟೆ ಹೊರಗೆ ತಂದು ಕಾಲುವೆಯ ಮೋಟುಗೋಡೆಯ ಮೇಲಿಟ್ಟೆವು. ಎದುರಿಗೇ ಗೊಂಡೋಲಾ ಕಟ್ಟುವ, ರಿಪೇರಿ ಮಾಡುವ ಕಟ್ಟಿಗೆಯ ಮನೆ. ಬೋರಲು ಹಾಕಿದ ಕಪ್ಪು ದೋಣಿಗಳು. ಗೊಂಡೋಲಾದ ಎಡಭಾಗ ಬಲಕ್ಕಿಂತ ಅಗಲ ಇರುತ್ತದೆ. ಒಬ್ಬನೇ ಒಂದೇ ಕಡೆಯಿಂದ ಹುಟ್ಟು ಹಾಕಿದರೂ ನೇರ ಹೋಗಲಿ ಎಂದು. ಶರಾವತಿಯಲ್ಲಿ ದೋಣಿ ನೋಡಿ ಬೆಳೆದ ನನಗೆ ಈ ಸೊಟ್ಟ ಲೆಕ್ಕ ಬಹಳ ಹಿಡಿಸಿತು.

ಇಲ್ಲಿ ಹುಡುಗಿ ಸ್ಪ್ರಿಟ್ಜ್ ತಂದಳು. ಕಿತ್ತಳೆ ಬಣ್ಣ, ಮೇಲೊಂದು ಆಲಿವ್ ಕಾಯಿ. ಅದಕ್ಕೆ ಬೆರೆಸುವ ಅಪೆರೋಲ್ ಎಂಬ ಮದ್ಯ 1919ರಲ್ಲಿ ಹುಟ್ಟಿದ್ದು ತನ್ನ ಪಾದೊವಾದಲ್ಲಿ ಎಂದು ಅವಳಿಗೆ ಸೊಕ್ಕು, ಅಲ್ಲಿಗೆ ಬಂದು ಒಂದೇ ವರ್ಷವಾಗಿದ್ದರೂ. ನನಗೆ ಅದು ಕೆಮ್ಮಿನ ಔಷಧಿಯ ಹಾಗೆ ಕಂಡಿತು. ಕೋಕೋ ಪುಡಿ ಉದುರಿಸಿದ ಹಸಿ ಟ್ಯೂನಾ ಅದಕ್ಕಿಂತ ಮೇಲು. ಮೀನು ತಿನ್ನದವರಿಗೆ ಚೀಸು, ಕುಂಬಳಕಾಯಿ, ಆರ್ಟಿಚೋಕ್ ಸಿಗುತ್ತವೆ. ಆದರೂ ಕೇಳಿ ತಿನ್ನಿ, ಆಂಚೊವಿ ಎಂಬ ಪುಡಿಮೀನು ಎಲ್ಲೆಲ್ಲೋ ಅಡಗಿರುತ್ತದೆ.

ಮುಜುಗರ ಯಾವಾಗ ಹೋಯಿತೋ ತಿಳಿಯಲಿಲ್ಲ. ಓದು ಮುಗಿದ ಮೇಲೆ ಊರಿಗೆ ಬರುವ ಮನಸ್ಸಿಲ್ಲ ಎಂದು ಅವಳು ಹೇಳಿದ್ದು ಆ ಗೋಡೆಗೆ ಒರಗಿ ನಿಂತಾಗಲೇ. ಮನೆಯ ಜಗುಲಿಯಲ್ಲಾಗಿದ್ದರೆ ಬುದ್ಧಿ ಹೇಳುತ್ತಿದ್ದೆನೋ ಏನೋ. ಇಲ್ಲಿ ಇನ್ನೊಂದು ತುಂಡು ಟ್ಯೂನಾ ಅವಳ ಕಡೆ ಸರಿಸಿದೆ.

"ಅಮ್ಮನಿಗೆ ಹೇಳಬೇಡಿ."

"ಯಾವುದನ್ನು?"

"ಎರಡೂ."

ರೈಲಿನಲ್ಲಿ ಅವಳು ಮನೆಯವರ ಗುಂಪಿಗೆ ಒಂದು ಫೋಟೋ ಹಾಕಿದಳು. ಗೋಡೆ, ತಟ್ಟೆ, ಮೀನು, ನಮ್ಮಿಬ್ಬರ ನಗು. ಕೆಳಗಿನ ಅಂಚನ್ನು ಜೋಪಾನವಾಗಿ ಕತ್ತರಿಸಿದ್ದಳು. ಊರಲ್ಲಿ ಆಗ ನಡುರಾತ್ರಿ. ಬೆಳಗಾಗುತ್ತಲೇ ಅಕ್ಕನ ಉತ್ತರ ಬಂದಿತ್ತು.

"ಮೀನು ಚೆನ್ನಾಗಿ ಕಾಣ್ತದೆ. ಗ್ಲಾಸು ಎಲ್ಲಿ?"